ಕಡಿಮೆ ಹಣ, ಹೆಚ್ಚು ಕತ್ತಲೆ: ಯುದ್ಧೋತ್ತರ ಅಮೆರಿಕದ ಫಿಲ್ಮ್ ನ್ವಾರ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷಗಳಲ್ಲಿ ಹಾಲಿವುಡ್‌ನ ಸಣ್ಣ ಕಂಪನಿಗಳೂ ದೊಡ್ಡ ಸ್ಟುಡಿಯೊಗಳ ಅಗ್ಗದ ಚಿತ್ರಗಳ ವಿಭಾಗಗಳೂ ಅಲ್ಪ ಹಣದಲ್ಲಿ, ಅಲ್ಪ ಸಮಯದಲ್ಲಿ ಅನೇಕ ಕಪ್ಪು-ಬಿಳುಪಿನ ಅಪರಾಧ ಚಿತ್ರಗಳನ್ನು ತೆಗೆದವು. ಅವುಗಳನ್ನು ನೋಡಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹಣವಿರಲಿಲ್ಲವೆಂದು ಈ ಚಿತ್ರಗಳಿಗೆ ರಿಯಾಯಿತಿ ಕೊಡಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇವುಗಳಲ್ಲಿ ಒಳ್ಳೆಯವು ತಮ್ಮ ಕೊರತೆಯನ್ನೇ ಕಥೆಯ ಒಳಕ್ಕೆ ತೆಗೆದುಕೊಂಡವು. ಅದು ಹೇಗೆಂದು ಗಮನಿಸುವುದರಲ್ಲಿಯೇ ನೋಡುವ ಸುಖದ ಬಹುಪಾಲು ಅಡಗಿದೆ.

ಫಿಲ್ಮ್ ನ್ವಾರ್ ಎಂದರೇನು? ಅಮೆರಿಕದ ಚಿತ್ರಗಳಿಗೆ ಫ್ರೆಂಚ್ ಹೆಸರು ಹೇಗೆ ಬಂತು?

ಫ್ರೆಂಚ್ ಭಾಷೆಯಲ್ಲಿ ‘ನ್ವಾರ್’ ಎಂದರೆ ಕಪ್ಪು. ಜರ್ಮನರ ಹಿಡಿತದಲ್ಲಿದ್ದಷ್ಟು ಕಾಲ ಪ್ಯಾರಿಸ್ ನಗರಕ್ಕೆ ಅಮೆರಿಕದ ಹೊಸ ಚಿತ್ರಗಳು ಬರುತ್ತಿರಲಿಲ್ಲ. 1946ರ ಬೇಸಿಗೆಯಲ್ಲಿ ಹಲವು ವರ್ಷಗಳ ಚಿತ್ರಗಳು ಒಟ್ಟೊಟ್ಟಿಗೆ ತೆರೆಗೆ ಬಂದಾಗ, ಅಪರಾಧ ಚಿತ್ರಗಳ ಸ್ವಭಾವವೇ ಬದಲಾಗಿರುವುದು ಅಲ್ಲಿನ ವಿಮರ್ಶಕರ ಕಣ್ಣಿಗೆ ತಟ್ಟನೆ ಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ನೀನೊ ಫ್ರಾಂಕ್ ಎಂಬ ವಿಮರ್ಶಕರು ತಮ್ಮ ಲೇಖನದಲ್ಲಿ ಇವುಗಳನ್ನು ‘ನ್ವಾರ್’ ಚಿತ್ರಗಳೆಂದು ಕರೆದರು. ಗಾಲಿಮಾರ್ ಪ್ರಕಾಶನವು 1945ರಲ್ಲಿ ‘ಸೆರಿ ನ್ವಾರ್’ ಎಂಬ ಅಪರಾಧ ಕಾದಂಬರಿಗಳ ಮಾಲೆಯನ್ನು ಆರಂಭಿಸಿದ್ದರಿಂದ ಆ ಪದ ಓದುಗರಿಗೆ ಹೊಸದೇನೂ ಆಗಿರಲಿಲ್ಲ. ಚಿತ್ರಗಳನ್ನು ತೆಗೆದ ಅಮೆರಿಕನ್ನರಿಗೆ ಮಾತ್ರ ಈ ಹೆಸರಿನ ಪರಿಚಯವಿರಲಿಲ್ಲ. ಅವರು ಅವುಗಳನ್ನು ಥ್ರಿಲ್ಲರ್ ಎಂದೋ ಮೆಲೋಡ್ರಾಮ ಎಂದೋ ಕರೆಯುತ್ತಿದ್ದರು.

ಈ ಚಿತ್ರಗಳಿಗೆ ಕೊಲೆಗಾರ ಯಾರೆಂಬ ಒಗಟಿಗಿಂತ, ಸಾಮಾನ್ಯ ಮನುಷ್ಯನೊಬ್ಬ ಒಂದು ತಪ್ಪು ಹೆಜ್ಜೆಯಿಟ್ಟು ಹೇಗೆ ಮುಳುಗುತ್ತಾನೆ ಎಂಬುದೇ ಮುಖ್ಯ.

‘ಬಿ’ ಚಿತ್ರ ಎಂದರೆ ಕಳಪೆ ಚಿತ್ರ ಎಂದು ಅರ್ಥವೆ?

ಇಲ್ಲ. ‘ಬಿ’ ಎಂಬುದು ವ್ಯಾಪಾರದ ಪದವೇ ಹೊರತು ಗುಣದ ಅಳತೆಯಲ್ಲ. ಆ ಕಾಲದ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುವ ರೂಢಿಯಿತ್ತು. ಮುಖ್ಯ ಚಿತ್ರಕ್ಕೆ ಗಳಿಕೆಯಲ್ಲಿ ಶೇಕಡಾವಾರು ಪಾಲು ಸಿಗುತ್ತಿತ್ತು. ಜೊತೆಗೆ ಹೋಗುವ ‘ಬಿ’ ಚಿತ್ರಕ್ಕೆ ಮೊದಲೇ ನಿಗದಿಯಾದ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಆ ಬಾಡಿಗೆ ಹೆಚ್ಚುತ್ತಿರಲಿಲ್ಲವಾದ್ದರಿಂದ ನಿರ್ಮಾಪಕನಿಗೆ ಲಾಭ ಉಳಿಯಲು ಇದ್ದ ದಾರಿ ಒಂದೇ, ಖರ್ಚನ್ನು ಬಾಡಿಗೆಗಿಂತ ಕೆಳಗೆ ಹಿಡಿಯುವುದು. ಒಂದು ಗಂಟೆಯಿಂದ ಒಂದೂಕಾಲು ಗಂಟೆಯ ಅವಧಿ, ಹೆಸರಾಂತ ತಾರೆಯರಿಲ್ಲದ ತಾರಾಗಣ, ಬೇರೆ ಚಿತ್ರಕ್ಕೆಂದು ಕಟ್ಟಿದ ಸೆಟ್ಟುಗಳ ಮರುಬಳಕೆ, ಇವೆಲ್ಲ ಈ ಲೆಕ್ಕಾಚಾರದಿಂದಲೇ ಹುಟ್ಟಿದವು.

ಮೊನೊಗ್ರಾಮ್, ರಿಪಬ್ಲಿಕ್ ಮತ್ತು ಪಿ.ಆರ್.ಸಿ. ಎಂಬ ಸಣ್ಣ ಕಂಪನಿಗಳು ಇಂಥ ಚಿತ್ರಗಳಿಂದಲೇ ಬದುಕುತ್ತಿದ್ದವು. ಅವುಗಳನ್ನು ಒಟ್ಟಾಗಿ ‘ಪಾವರ್ಟಿ ರೋ’, ಅಂದರೆ ಬಡವರ ಬೀದಿ, ಎಂದು ಕರೆಯುತ್ತಿದ್ದರು. ಆರ್.ಕೆ.ಓ.ದಂಥ ದೊಡ್ಡ ಸ್ಟುಡಿಯೊಗಳಲ್ಲಿಯೂ ‘ಬಿ’ ವಿಭಾಗಗಳಿದ್ದವು. ಈ ಏರ್ಪಾಡಿನಿಂದ ಒಂದು ಅನಿರೀಕ್ಷಿತ ಲಾಭವಾಯಿತು. ಹಾಕಿದ ಹಣ ಚಿಕ್ಕದಾದ್ದರಿಂದ ಮೇಲಿನವರ ಕಣ್ಗಾವಲೂ ಕಡಿಮೆಯಿತ್ತು, ಸಮಯಕ್ಕೆ ಸರಿಯಾಗಿ ಚಿತ್ರ ಮುಗಿಸುವ ನಿರ್ದೇಶಕನ ಕೆಲಸದಲ್ಲಿ ಯಾರೂ ಹೆಚ್ಚು ತಲೆಹಾಕುತ್ತಿರಲಿಲ್ಲ. ಮುಂದೆ ಫ್ರೆಂಚ್ ನಿರ್ದೇಶಕ ಜಾಂ-ಲ್ಯುಕ್ ಗೊಡಾರ್ ತಮ್ಮ ಮೊದಲ ಕಥಾಚಿತ್ರ ‘ಬ್ರೆತ್‌ಲೆಸ್’ ಅನ್ನು ಮೊನೊಗ್ರಾಮ್ ಕಂಪನಿಗೇ ಅರ್ಪಿಸಿದರು.

ಈ ಚಿತ್ರಗಳಲ್ಲಿ ಇಷ್ಟೊಂದು ಕತ್ತಲೆ ಏಕೆ?

ಇದಕ್ಕೆ ಒಂದೇ ಕಾರಣ ಹೇಳುವವರ ಮಾತನ್ನು ಪೂರ್ತಿಯಾಗಿ ನಂಬಬಾರದು. ಜರ್ಮನಿ ಮತ್ತು ಮಧ್ಯ ಯುರೋಪಿನಿಂದ ಬಂದ ಫ್ರಿಟ್ಜ್ ಲ್ಯಾಂಗ್, ರಾಬರ್ಟ್ ಸಿಯೊಡ್ಮಾಕ್, ಎಡ್ಗರ್ ಉಲ್ಮರ್ ಮೊದಲಾದ ನಿರ್ದೇಶಕರು ಅಲ್ಲಿಯ ಮೂಕಿ ಚಿತ್ರಗಳ ನೆರಳಿನ ಪಾಠವನ್ನು ಜೊತೆಗೆ ತಂದಿದ್ದರು ಎಂಬುದು ನಿಜ. ಯುದ್ಧದ ಕೊರತೆಯೂ ಅಷ್ಟೇ ನಿಜ. 1942ರಲ್ಲಿ ಅಮೆರಿಕದ ಯುದ್ಧ ಉತ್ಪಾದನಾ ಮಂಡಳಿಯು ಒಂದು ಚಿತ್ರದ ಸೆಟ್ಟುಗಳಿಗೆ ಬಳಸುವ ಹೊಸ ಸಾಮಗ್ರಿಯ ವೆಚ್ಚ 5,000 ಡಾಲರ್ ಮೀರಬಾರದೆಂದು ಮಿತಿ ಹಾಕಿತು. ಕೋಣೆಯ ಮೂರು ಗೋಡೆಗಳನ್ನು ಕಟ್ಟಲು ಮರವಿಲ್ಲದಿದ್ದಾಗ, ಒಂದು ಗೋಡೆಯ ಮೇಲೆ ಕಿಟಕಿಯ ಪಟ್ಟಿಗಳ ನೆರಳು ಬೀಳಿಸಿ ಉಳಿದದ್ದನ್ನು ಕತ್ತಲಿಗೆ ಬಿಡುವುದನ್ನು ಅನೇಕ ಛಾಯಾಗ್ರಾಹಕರು ಕಲಿತರು.

ಯುದ್ಧ ಮುಗಿದ ಮೇಲೂ ಆ ಅಭ್ಯಾಸ ಉಳಿಯಿತು, ಏಕೆಂದರೆ ಹೇಳಬೇಕಾದ ಕಥೆಗೆ ಅದು ಹೊಂದುತ್ತಿತ್ತು. ಮನೆಗೆ ಮರಳಿದ ಸೈನಿಕನಿಗೆ ತನ್ನ ಊರೇ ಅಪರಿಚಿತವಾಗಿದ್ದ, ನೆರೆಯವನ ಮೇಲೆ ನಂಬಿಕೆ ಸಡಿಲಗೊಂಡಿದ್ದ ಕಾಲವದು. ಚೌಕಟ್ಟಿನ ಅರ್ಧಭಾಗ ಕಾಣಿಸದೆ ಹೋದಾಗ ನೋಡುವವನಿಗೂ ಅದೇ ಅನುಮಾನ ಅಂಟಿಕೊಳ್ಳುತ್ತದೆ.

ಈ ಬೆಳಕಿನ ಕಲೆಯಲ್ಲಿ ಯಾರ ಹೆಸರನ್ನು ನೆನಪಿಡಬೇಕು?

ಛಾಯಾಗ್ರಾಹಕ ಜಾನ್ ಆಲ್ಟನ್. ಅವರು 1901ರಲ್ಲಿ, ಆಗ ಆಸ್ಟ್ರಿಯ-ಹಂಗೇರಿಗೆ ಸೇರಿದ್ದ ಶೋಪ್ರೊನ್ ಪಟ್ಟಣದಲ್ಲಿ ಹುಟ್ಟಿದವರು. ನಿರ್ದೇಶಕ ಆಂಟನಿ ಮ್ಯಾನ್ ಜೊತೆ ಅವರು ಮಾಡಿದ ‘ಟಿ-ಮೆನ್’ (1947) ಮತ್ತು ‘ರಾ ಡೀಲ್’ (1948) ಚಿತ್ರಗಳಲ್ಲಿ ದೀಪಗಳ ಸಂಖ್ಯೆಯೇ ಕಡಿಮೆ. ಹಲವು ದೃಶ್ಯಗಳಲ್ಲಿ ಮುಖಕ್ಕೆ ಬೆಳಕು ಬರುವುದು ಒಂದೇ ದಿಕ್ಕಿನಿಂದ. ದೀಪ ಕಡಿಮೆಯಾದರೆ ಅವುಗಳನ್ನು ಜೋಡಿಸುವ ಹೊತ್ತೂ ಉಳಿಯುತ್ತದೆ, ಹೊತ್ತು ಉಳಿದರೆ ಹಣವೂ ಉಳಿಯುತ್ತದೆ. ಅಗ್ಗದ ಚಿತ್ರಗಳ ನಿರ್ಮಾಪಕರಿಗೆ ಅವರು ಬೇಕಾದವರಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ‘ಹಿ ವಾಕ್ಡ್ ಬೈ ನೈಟ್’ (1948) ಚಿತ್ರದ ಕೊನೆಯಲ್ಲಿ ಪೊಲೀಸರು ಅಪರಾಧಿಯನ್ನು ಲಾಸ್ ಏಂಜಲೀಸ್ ನಗರದ ಅಡಿಯಲ್ಲಿರುವ ಮಳೆನೀರಿನ ಕಾಲುವೆಗಳೊಳಗೆ ಅಟ್ಟಿಕೊಂಡು ಹೋಗುತ್ತಾರೆ. ಆ ಸುರಂಗಗಳಲ್ಲಿ ಅವರ ಕೈಯಲ್ಲಿರುವ ಟಾರ್ಚ್‌ಗಳೇ ದೃಶ್ಯವನ್ನು ಬೆಳಗುತ್ತಿರುವಂತೆ ಕಾಣುತ್ತದೆ.

‘ದಿ ಬಿಗ್ ಕಾಂಬೊ’ (1955) ಚಿತ್ರದ ಕೊನೆಯ ದೃಶ್ಯವನ್ನಂತೂ ಬಿಡದೆ ನೋಡಬೇಕು. ಮಂಜು ಮುಸುಕಿದ ವಿಮಾನ ನಿಲ್ದಾಣ, ಒಂದು ತಿರುಗುವ ದೀಪ, ಬೆಳಕಿಗೆ ಎದುರಾಗಿ ಬರಿಯ ಕಪ್ಪು ಆಕೃತಿಗಳಾಗಿ ನಿಂತ ಇಬ್ಬರು, ಇಷ್ಟೇ ಅಲ್ಲಿರುವುದು. ಅದೇ ಚಿತ್ರದಲ್ಲಿ ಶ್ರವಣಯಂತ್ರ ಧರಿಸಿದ ಒಬ್ಬನನ್ನು ಕೊಲ್ಲುವ ಮೊದಲು, ಗುಂಡಿನ ಶಬ್ದ ಅವನಿಗೆ ಕೇಳದಿರಲೆಂದು ಖಳನಾಯಕ ಆ ಯಂತ್ರವನ್ನು ಕಿತ್ತುಕೊಳ್ಳುತ್ತಾನೆ. ಮರುಕ್ಷಣ ಚಿತ್ರದ ಧ್ವನಿಯೂ ನಿಂತು ಬಂದೂಕುಗಳು ನಿಶ್ಶಬ್ದವಾಗಿ ಮಿಂಚುತ್ತವೆ. ಸಾಯುವವನ ಕಿವಿಯನ್ನೇ ನಮಗೆ ಕೊಡುವ ಈ ಉಪಾಯಕ್ಕೆ ಹೆಚ್ಚಿನ ಖರ್ಚೇನೂ ಬೇಕಾಗಿಲ್ಲ. ಹೀಗಿದ್ದರೂ ಇದಕ್ಕಿಂತ ಭಯಂಕರವಾದ ಕೊಲೆಯ ದೃಶ್ಯವನ್ನು ನಾನು ಕಂಡಿಲ್ಲ.

ಆಲ್ಟನ್ 1949ರಲ್ಲಿ ಛಾಯಾಗ್ರಹಣದ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಅವರಿಗೆ ಆಸ್ಕರ್ ಸಿಕ್ಕಿದ್ದು ಮಾತ್ರ ವರ್ಣರಂಜಿತ ನೃತ್ಯಭಾಗವೊಂದಕ್ಕೆ, ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ (1951) ಚಿತ್ರದಲ್ಲಿ.

‘ಡೀಟೂರ್’ ಚಿತ್ರವನ್ನು ಎಲ್ಲರೂ ಏಕೆ ಹೊಗಳುತ್ತಾರೆ? ಅದರಲ್ಲಿ ತಪ್ಪುಗಳೇ ತುಂಬಿವೆಯಲ್ಲ?

ತಪ್ಪುಗಳಿರುವುದು ನಿಜ. ಎಡ್ಗರ್ ಉಲ್ಮರ್ ಪಿ.ಆರ್.ಸಿ. ಕಂಪನಿಗಾಗಿ ನಿರ್ದೇಶಿಸಿದ ಈ 1945ರ ಚಿತ್ರದ ಅವಧಿ ಸುಮಾರು 68 ನಿಮಿಷ. ನ್ಯೂಯಾರ್ಕ್‌ನ ಕ್ಲಬ್ಬೊಂದರಲ್ಲಿ ಪಿಯಾನೊ ನುಡಿಸುವ ಆಲ್ ರಾಬರ್ಟ್ಸ್, ಲಾಸ್ ಏಂಜಲೀಸ್‌ಗೆ ಹೋಗಿರುವ ಪ್ರೇಯಸಿಯನ್ನು ಸೇರಲು ಸಿಕ್ಕಸಿಕ್ಕ ಕಾರುಗಳಿಗೆ ಕೈ ತೋರಿಸುತ್ತ ಹೊರಡುತ್ತಾನೆ. ದಾರಿಯಲ್ಲಿ ಹತ್ತಿಸಿಕೊಂಡವನು ಅಕಸ್ಮಾತ್ತಾಗಿ ಸಾಯುತ್ತಾನೆ. ಪೊಲೀಸರು ನಂಬಲಾರರೆಂಬ ಹೆದರಿಕೆಯಿಂದ ರಾಬರ್ಟ್ಸ್ ಸತ್ತವನ ಕಾರು, ಬಟ್ಟೆ, ಹೆಸರು ಎಲ್ಲವನ್ನೂ ತೆಗೆದುಕೊಳ್ಳುತ್ತಾನೆ. ಮುಂದೆ ಅವನು ಹತ್ತಿಸಿಕೊಳ್ಳುವ ವೀರಾ ಎಂಬ ಹೆಂಗಸಿಗೆ ಸತ್ಯ ಗೊತ್ತಿರುತ್ತದೆ.

ನ್ಯೂಯಾರ್ಕ್ ಬೀದಿಯ ಸೆಟ್ ಕಟ್ಟಲು ಹಣವಿಲ್ಲದ ಕಡೆ ದಟ್ಟ ಮಂಜು, ಒಂದು ದೀಪದ ಕಂಬ, ಬೀದಿಯ ಹೆಸರಿನ ಒಂದು ಫಲಕ ಮಾತ್ರ ಇವೆ. ಕಾರಿಗೆ ಕೈ ತೋರಿಸುವ ಕೆಲವು ಶಾಟ್‌ಗಳಲ್ಲಿ ನೆಗೆಟಿವನ್ನೇ ಎಡಬಲ ತಿರುಗಿಸಿದ್ದಾರೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವನು ಭೂಪಟದಲ್ಲಿರುವಂತೆ ಬಲದಿಂದ ಎಡಕ್ಕೆ ಸಾಗಬೇಕೆಂಬುದು ಉದ್ದೇಶ. ಅದರ ಫಲವಾಗಿ ಅಮೆರಿಕದ ಕಾರುಗಳ ಸ್ಟಿಯರಿಂಗ್ ನಮ್ಮ ಕಾರುಗಳಂತೆ ಬಲಕ್ಕೆ ಬಂದಿದೆ. ಕಾರಿನೊಳಗಿನ ದೃಶ್ಯಗಳಲ್ಲಿ ಹಿಂದಿನ ರಸ್ತೆ ಪರದೆಯ ಮೇಲೆ ಓಡುತ್ತಿರುವುದು ಯಾರಿಗೂ ತಿಳಿಯುತ್ತದೆ.

ಇಷ್ಟಾದರೂ ಚಿತ್ರ ಹಿಡಿದಿಡುವುದೇಕೆಂದರೆ, ಇಡೀ ಕಥೆಯನ್ನು ಹೇಳುತ್ತಿರುವವನು ನೆವಾಡಾದ ಹೋಟೆಲೊಂದರಲ್ಲಿ ಕುಳಿತು ತನ್ನನ್ನು ತಾನೇ ನಿರಪರಾಧಿಯೆಂದು ಸಮರ್ಥಿಸಿಕೊಳ್ಳುತ್ತಿರುವ ರಾಬರ್ಟ್ಸ್. ಎರಡು ಸಾವು, ಎರಡೂ ಅಕಸ್ಮಾತ್, ಎರಡರಲ್ಲೂ ತನ್ನ ತಪ್ಪಿಲ್ಲ ಎನ್ನುವವನ ಮಾತನ್ನು ಎಷ್ಟು ನಂಬಬೇಕು? ಈ ಅನುಮಾನ ಒಮ್ಮೆ ಮನಸ್ಸಿಗೆ ಬಂದರೆ ಮಂಜು ತುಂಬಿದ ಬೀದಿ, ಹುಸಿ ರಸ್ತೆ, ಖಾಲಿ ಕೋಣೆ ಎಲ್ಲವೂ ಸುಳ್ಳುಗಾರನೊಬ್ಬನ ನೆನಪಿನಂತೆ ಕಾಣತೊಡಗುತ್ತವೆ. ಇದು ಉಲ್ಮರ್ ಅವರ ಉದ್ದೇಶವೇ ಆಗಿತ್ತೆಂದು ನಾನು ವಾದಿಸುವುದಿಲ್ಲ, ಆದರೆ ದೊಡ್ಡ ಸೆಟ್ಟುಗಳಿದ್ದಿದ್ದರೆ ಈ ಅನುಭವ ಸಾಧ್ಯವಾಗುತ್ತಿರಲಿಲ್ಲ. ವೀರಾ ಪಾತ್ರದ ಆ್ಯನ್ ಸ್ಯಾವೇಜ್ ಅವರ ಅಭಿನಯದಲ್ಲಿ ಅಲಂಕಾರದ ಸೋಂಕೇ ಇಲ್ಲ. ಬೆದರಿಕೆ, ಕೆಮ್ಮು, ಒಂಟಿತನ ಮೂರೂ ಒಂದೇ ಮುಖದಲ್ಲಿವೆ. 1992ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿತು.

ಹೊಸಬರು ಯಾವ ಚಿತ್ರದಿಂದ ಆರಂಭಿಸಬೇಕು?

‘ಡೀಟೂರ್’ನಿಂದ ಬೇಡ ಎಂಬುದು ನನ್ನ ಸಲಹೆ. ಮೊದಲು ‘ದಿ ನ್ಯಾರೋ ಮಾರ್ಜಿನ್’ (1952) ನೋಡಿ. ರಿಚರ್ಡ್ ಫ್ಲೈಷರ್ ಆರ್.ಕೆ.ಓ.ಗಾಗಿ ನಿರ್ದೇಶಿಸಿದ, 71 ನಿಮಿಷಗಳ ಈ ಚಿತ್ರದ ಹೆಚ್ಚಿನ ಭಾಗ ಷಿಕಾಗೊದಿಂದ ಲಾಸ್ ಏಂಜಲೀಸ್‌ಗೆ ಹೋಗುವ ರೈಲಿನಲ್ಲಿ ನಡೆಯುತ್ತದೆ. ಸಾಕ್ಷಿ ಹೇಳಲು ಹೊರಟ ಗ್ಯಾಂಗ್‌ಸ್ಟರ್‌ನ ವಿಧವೆಯನ್ನು ಒಬ್ಬ ಪೊಲೀಸ್ ಅಧಿಕಾರಿ ಕಾಪಾಡಬೇಕು. ಕೊಲ್ಲಲು ಬಂದವರೂ ಅದೇ ರೈಲಿನಲ್ಲಿದ್ದಾರೆ, ಅವರಿಗೆ ಆಕೆಯ ಮುಖದ ಗುರುತಿಲ್ಲ. ಖರ್ಚು ಉಳಿಸಲು ಬೋಗಿಯ ಸೆಟ್ಟನ್ನು ನೆಲಕ್ಕೆ ಬಿಗಿದು, ಕ್ಯಾಮೆರಾವನ್ನೇ ತೂಗಾಡಿಸಿ ರೈಲಿನ ಕುಲುಕಾಟವನ್ನು ತೋರಿಸಿದರು. ಹಿನ್ನೆಲೆ ಸಂಗೀತದ ಕೆಲಸವನ್ನು ಗಾಲಿಗಳ ಸದ್ದು ಮತ್ತು ಸೀಟಿ ಮಾಡುತ್ತವೆ. ‘ಡೀಟೂರ್’ ಬರೆದ ಮಾರ್ಟಿನ್ ಗೋಲ್ಡ್‌ಸ್ಮಿತ್ ಅವರೇ ಇದರ ಕಥೆಗಾರರಲ್ಲೊಬ್ಬರು. ಈ ಕಥೆ ಆಸ್ಕರ್‌ಗೂ ನಾಮನಿರ್ದೇಶನಗೊಂಡಿತ್ತು.

ಆಮೇಲೆ ರುಡಾಲ್ಫ್ ಮಾಟೆ ಅವರ ‘ಡಿ.ಓ.ಎ.’ (1950), ಅಂದರೆ ‘ಡೆಡ್ ಆನ್ ಅರೈವಲ್’, ತರುವ ಹೊತ್ತಿಗೇ ಸತ್ತಿದ್ದವನು. ಅದರ ಬಳಿಕ ಜೋಸೆಫ್ ಲೂಯಿಸ್ ಅವರ ‘ಗನ್ ಕ್ರೇಜಿ’ (1950). ಬಂದೂಕಿನ ಮೋಹವಿರುವ ಗಂಡುಹೆಣ್ಣಿನ ಈ ಕಥೆಯಲ್ಲಿ ಒಂದು ಬ್ಯಾಂಕ್ ದರೋಡೆಯಿದೆ. ಕ್ಯಾಮೆರಾ ಕಾರಿನ ಹಿಂದಿನ ಸೀಟಿನಲ್ಲಿಯೇ ಕುಳಿತು, ಮೂರು ನಿಮಿಷಕ್ಕೂ ಹೆಚ್ಚು ಕಾಲ ಒಂದೇ ಶಾಟ್‌ನಲ್ಲಿ, ಊರೊಳಗೆ ಬರುವುದು, ಕಾರು ನಿಲ್ಲಿಸಲು ಜಾಗ ಹುಡುಕುವುದು, ಅವನು ಒಳಗೆ ಹೋಗುವುದು, ಹೊರಗೆ ಅವಳು ಪೊಲೀಸನನ್ನು ಮಾತಿನಲ್ಲಿ ಕಟ್ಟಿಹಾಕುವುದು, ಇಬ್ಬರೂ ಪರಾರಿಯಾಗುವುದು, ಎಲ್ಲವನ್ನೂ ತೋರಿಸುತ್ತದೆ. ಬ್ಯಾಂಕಿನ ಒಳಭಾಗವನ್ನು ನಾವು ಕಾಣುವುದೇ ಇಲ್ಲ. ಆ ಸೆಟ್ಟಿನ ಖರ್ಚು ಉಳಿಯಿತು, ನಾವು ಕಾರಿನಲ್ಲಿಯೇ ಉಳಿದು ಪಾಲುದಾರರಾದೆವು. ಈ ಮೂರನ್ನು ನೋಡಿ ಕಣ್ಣು ಪಳಗಿದ ಮೇಲೆ ‘ಡೀಟೂರ್’ಗೆ ಹೋದರೆ ಅದರ ಬಡತನ ಅಡ್ಡಿಯೆನಿಸುವುದಿಲ್ಲ.

ಕಥೆಯ ಕೊನೆ ಮೊದಲೇ ತಿಳಿದುಬಿಡುತ್ತದೆ. ಹಾಗಿದ್ದರೆ ಕುತೂಹಲವೆಲ್ಲಿ?

‘ಡಿ.ಓ.ಎ.’ ಆರಂಭವಾಗುವಾಗ ಫ್ರಾಂಕ್ ಬಿಗೆಲೊ ಎಂಬ ಲೆಕ್ಕಪತ್ರ ಪರಿಣತ ಪೊಲೀಸ್ ಕಚೇರಿಯ ಉದ್ದನೆಯ ಓಣಿಯಲ್ಲಿ ನಡೆದುಹೋಗಿ ಒಂದು ಕೊಲೆಯ ದೂರು ಕೊಡುತ್ತಾನೆ. ಕೊಲೆಯಾದವನು ಅವನೇ. ದೇಹಕ್ಕೆ ಸೇರಿದ ವಿಷಕ್ಕೆ ಮದ್ದಿಲ್ಲ. ಸಾಯುವುದು ಖಚಿತವೆಂದು ತಿಳಿದ ಮೇಲೂ ಕೊಂದವರು ಯಾರು, ಏಕೆ ಎಂದು ಅವನು ಹುಡುಕುತ್ತಲೇ ಇರುತ್ತಾನೆ. ಅಂತ್ಯ ಗೊತ್ತಿರುವುದರಿಂದಲೇ ಉಳಿದ ಪ್ರತಿಯೊಂದು ಗಂಟೆಗೂ ಬೆಲೆ ಬರುತ್ತದೆ. ವಿಧಿ ಮೊದಲೇ ಗೊತ್ತಿರುವ ಪುರಾಣಕಥೆಗಳನ್ನು ಯಕ್ಷಗಾನದಲ್ಲಿ ರಾತ್ರಿಯಿಡೀ ನೋಡುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ಹೊರಗಿನದು. 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹಾಲಿವುಡ್‌ನ ನಿರ್ಮಾಣ ಸಂಹಿತೆಯ ಪ್ರಕಾರ ಅಪರಾಧಿಗೆ ಶಿಕ್ಷೆಯಾಗದೆ ಚಿತ್ರ ಮುಗಿಯುವಂತಿರಲಿಲ್ಲ. ದುರ್ಬಲ ಚಿತ್ರಗಳಲ್ಲಿ ಇದು ಕೊನೆಯ ನಿಮಿಷದಲ್ಲಿ ಅಂಟಿಸಿದ ತೇಪೆಯಂತೆ ಕಾಣುತ್ತದೆ. ಒಳ್ಳೆಯ ಚಿತ್ರಗಳು ಆ ನಿಯಮವನ್ನೇ ವಿಧಿಯನ್ನಾಗಿ ಮಾರ್ಪಡಿಸಿಕೊಂಡವು.

ಹೆಂಗಸರೆಲ್ಲ ಮೋಸಗಾತಿಯರೇ ಏಕೆ?

ಎಲ್ಲರೂ ಹಾಗಿಲ್ಲ, ಆದರೆ ದೂರು ನ್ಯಾಯವಾದದ್ದು. ಯುದ್ಧಕಾಲದಲ್ಲಿ ಕಾರ್ಖಾನೆಗಳಲ್ಲಿ ದುಡಿದು ಸ್ವಂತ ಸಂಬಳ ಕಂಡ ಹೆಂಗಸರನ್ನು ಮತ್ತೆ ಮನೆಗೆ ಕಳುಹಿಸಲು ಸಮಾಜ ಅವಸರಪಡುತ್ತಿದ್ದಾಗ, ಹಣಕ್ಕಾಗಿ ಗಂಡಸನ್ನು ಹಾಳುಮಾಡುವ ಹೆಣ್ಣಿನ ಪಾತ್ರ ತೆರೆಯ ಮೇಲೆ ಮತ್ತೆ ಮತ್ತೆ ಬಂತು. ಆ ಭಯವನ್ನು ಗುರುತಿಸಿಯೇ ನೋಡಬೇಕು. ಆದರೂ ‘ಟೂ ಲೇಟ್ ಫಾರ್ ಟಿಯರ್ಸ್’ (1949) ಚಿತ್ರದಲ್ಲಿ, ಆಕಸ್ಮಿಕವಾಗಿ ತಮ್ಮ ಕಾರಿಗೆ ಬಂದು ಬಿದ್ದ ಹಣದ ಚೀಲವನ್ನು ಬಿಟ್ಟುಕೊಡಲೊಲ್ಲದ ಗೃಹಿಣಿಯಾಗಿ ಲಿಜಬೆತ್ ಸ್ಕಾಟ್ ನಟಿಸಿರುವ ರೀತಿಯಲ್ಲಿ ಬರಿಯ ದುಷ್ಟತನಕ್ಕಿಂತ, ನೆರೆಯವರ ಮುಂದೆ ಕೀಳಾಗಿ ಬದುಕಿದ ಅವಮಾನವೇ ಹೆಚ್ಚು ಕಾಣುತ್ತದೆ. ‘ರಾ ಡೀಲ್’ ಚಿತ್ರದ ಕಥೆಯನ್ನು ಹೇಳುವುದು ಕ್ಲೇರ್ ಟ್ರೆವರ್ ಅವರ ದನಿ. ಈ ಬಗೆಯ ಚಿತ್ರಗಳಲ್ಲಿ ಹೆಣ್ಣಿನ ನಿರೂಪಣೆ ಅಪರೂಪ.

ಕ್ಯಾಮೆರಾದ ಹಿಂದೆಯೂ ಒಬ್ಬರಿದ್ದರು. ನಟಿ ಐಡಾ ಲುಪಿನೊ ‘ದಿ ಹಿಚ್-ಹೈಕರ್’ (1953) ಚಿತ್ರವನ್ನು ನಿರ್ದೇಶಿಸಿದರು. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ಹತ್ತಿಸಿಕೊಂಡ ಪ್ರಯಾಣಿಕ ಕೊಲೆಗಾರನಾಗಿರುತ್ತಾನೆ. ಅವನ ಒಂದು ಕಣ್ಣು ನಿದ್ರೆಯಲ್ಲಿಯೂ ಮುಚ್ಚುವುದಿಲ್ಲ, ಹಾಗಾಗಿ ಅವನು ಮಲಗಿದ್ದಾನೆಯೋ ನೋಡುತ್ತಿದ್ದಾನೆಯೋ ಎಂದು ಸೆರೆಸಿಕ್ಕವರಿಗೆ ತಿಳಿಯದು. ಹೆಚ್ಚಿನ ಭಾಗ ಮರುಭೂಮಿಯ ಬಿಸಿಲಿನಲ್ಲಿ ನಡೆದರೂ ಇದರಷ್ಟು ಉಸಿರುಗಟ್ಟಿಸುವ ನ್ವಾರ್ ಚಿತ್ರಗಳು ಕೆಲವೇ ಇವೆ.

ಇಂಗ್ಲಿಷ್ ಬಂದರೂ ಸಂಭಾಷಣೆ ಅರ್ಥವಾಗುವುದಿಲ್ಲ. ಏನು ಮಾಡಬೇಕು?

ಸಬ್‌ಟೈಟಲ್ ಹಾಕಿಕೊಂಡು ನೋಡಿ. ಮಾತಿನ ವೇಗ ಹೆಚ್ಚು, ಆ ಕಾಲದ ಬೀದಿಮಾತೂ ಹೇರಳ. ‘ಗ್ಯಾಟ್’ ಎಂದರೆ ಪಿಸ್ತೂಲು, ‘ಗ್ರ್ಯಾಂಡ್’ ಎಂದರೆ ಸಾವಿರ ಡಾಲರ್, ‘ಶೇಮಸ್’ ಎಂದರೆ ಪತ್ತೇದಾರ, ‘ಬಿಗ್ ಹೌಸ್’ ಎಂದರೆ ಜೈಲು. ಎರಡು ಮೂರು ಚಿತ್ರಗಳ ಬಳಿಕ ಇವು ಕಿವಿಗೆ ರೂಢಿಯಾಗುತ್ತವೆ.

ಈ ಚಿತ್ರಗಳು ಎಲ್ಲಿ ಸಿಗುತ್ತವೆ? ಎಂಥ ಪ್ರತಿಯನ್ನು ನೋಡಬೇಕು?

ಅಂದಿನ ಅಮೆರಿಕದ ಕಾನೂನಿನಂತೆ ಹಕ್ಕುಸ್ವಾಮ್ಯವನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು. ಸಣ್ಣ ಕಂಪನಿಗಳ ಅನೇಕ ಚಿತ್ರಗಳಿಗೆ ಆ ಹೊತ್ತಿಗೆ ವಾರಸುದಾರರೇ ಇರಲಿಲ್ಲ. ‘ಡೀಟೂರ್’, ‘ಡಿ.ಓ.ಎ.’, ‘ದಿ ಹಿಚ್-ಹೈಕರ್’ ಹೀಗೆ ಸಾರ್ವಜನಿಕರ ಸ್ವತ್ತಾದವು. ಇಂಟರ್‌ನೆಟ್ ಆರ್ಕೈವ್ ಮತ್ತು ಯೂಟ್ಯೂಬ್‌ನಲ್ಲಿ ಇವು ಉಚಿತವಾಗಿ ಸಿಗುತ್ತವೆ.

ಉಚಿತ ಪ್ರತಿಗಳಲ್ಲಿ ಹೆಚ್ಚಿನವು ನಕಲಿನ ನಕಲುಗಳು ಎಂಬುದೇ ತೊಂದರೆ. ನಾನು ಮೊದಲ ಸಲ ‘ಡೀಟೂರ್’ ನೋಡಿದ್ದು ಮುಖವೂ ಗೋಡೆಯೂ ಒಂದೇ ಬೂದಿಬಣ್ಣಕ್ಕೆ ತಿರುಗಿದ್ದ ಪ್ರತಿಯಲ್ಲಿ. ಚಿತ್ರದ ಬಡತನವೆಂದು ಆಗ ಅಂದುಕೊಂಡದ್ದರಲ್ಲಿ ಅರ್ಧ ಆ ಪ್ರತಿಯ ಬಡತನವೆಂದು ತಿಳಿದದ್ದು, 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ಫಿಲ್ಮ್ ಫೌಂಡೇಷನ್ ಸಿದ್ಧಪಡಿಸಿದ ಪುನರುಜ್ಜೀವಿತ ಆವೃತ್ತಿಯನ್ನು ನೋಡಿದ ಮೇಲೆ. ಕತ್ತಲೆಯಲ್ಲಿಯೂ ಹಲವು ಮೆಟ್ಟಿಲುಗಳಿವೆ. ಕೆಟ್ಟ ಪ್ರತಿಯಲ್ಲಿ ಅವೆಲ್ಲ ಅಳಿಸಿಹೋಗಿರುತ್ತವೆ. ಆದ್ದರಿಂದ ಒಂದೇ ಚಿತ್ರದ ಎರಡು ಮೂರು ಪ್ರತಿಗಳ ಮೊದಲ ಐದು ನಿಮಿಷ ಹೋಲಿಸಿ ನೋಡಿ, ಕಪ್ಪು ನಿಜವಾಗಿ ಕಪ್ಪಾಗಿರುವುದನ್ನು ಆರಿಸಿಕೊಳ್ಳಿ. ಕೋಣೆಯ ದೀಪ ಆರಿಸಿ. ಚೌಕಟ್ಟು ಹೆಚ್ಚುಕಡಿಮೆ ಚೌಕವಾಗಿರುವುದು ಸರಿಯಾದದ್ದೇ, ಅದನ್ನು ಟಿವಿಯ ಅಗಲಕ್ಕೆ ಹಿಗ್ಗಿಸಬೇಡಿ. ಕಂಪ್ಯೂಟರಿನಿಂದ ಬಣ್ಣ ಹಚ್ಚಿದ ಪ್ರತಿಗಳನ್ನು ದಯವಿಟ್ಟು ಮುಟ್ಟಬೇಡಿ.

ಕನ್ನಡಿಗರಿಗೆ ಈ ಶೈಲಿಯೊಂದಿಗೆ ಏನಾದರೂ ನಂಟಿದೆಯೆ?

ನೇರವಾದ ನಂಟು ಮುಂಬೈಯ ಮೂಲಕ ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ‘ಬಾಜಿ’ (1951) ಚಿತ್ರದಲ್ಲಿ ಜೂಜಿನ ಅಡ್ಡೆ, ಕ್ಲಬ್ಬಿನ ಗಾಯಕಿ, ದಾರಿತಪ್ಪಿದ ನಾಯಕ ಎಂಬ ನ್ವಾರ್ ಸಾಮಗ್ರಿಯನ್ನು ಹಿಂದಿ ಸಿನಿಮಾದ ಹಾಡುಗಳೊಂದಿಗೆ ಬೆಸೆದರು. ಆ ಚಿತ್ರಕ್ಕೆ ಸಹಾಯಕ ಛಾಯಾಗ್ರಾಹಕರಾಗಿದ್ದ ಮೈಸೂರಿನ ವಿ.ಕೆ. ಮೂರ್ತಿ, ಹಾಡೊಂದರಲ್ಲಿ ಕನ್ನಡಿಯ ಪ್ರತಿಬಿಂಬವನ್ನು ಬಳಸಿದ ಕಷ್ಟದ ಶಾಟ್‌ನಿಂದ ಗುರುದತ್ತರ ಮನಗೆದ್ದರು. ‘ಜಾಲ್’ (1952) ಚಿತ್ರದಿಂದ ಅವರೇ ಛಾಯಾಗ್ರಾಹಕರಾದರು, ‘ಸಿ.ಐ.ಡಿ.’ (1956) ಎಂಬ ಅಪರಾಧ ಚಿತ್ರವೂ ಅವರದೇ ಕೈಚಳಕ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಮೂರ್ತಿಯವರು ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ‘ಟಿ-ಮೆನ್’ ನೋಡಿದ ಮರುದಿನ ‘ಸಿ.ಐ.ಡಿ.’ ನೋಡಿದರೆ ಎರಡು ಊರುಗಳ ರಾತ್ರಿಗಳು ಮಾತನಾಡಿಕೊಳ್ಳುವುದು ಕೇಳಿಸುತ್ತದೆ.

ಇಂಥ ಎಲ್ಲ ಚಿತ್ರಗಳೂ ನೋಡಲು ಯೋಗ್ಯವೆ?

ಖಂಡಿತ ಅಲ್ಲ. ಅಗ್ಗದ ಚಿತ್ರಗಳಲ್ಲಿ ಬಹಳಷ್ಟು ನಿರ್ಜೀವ; ಇಬ್ಬರು ಕೋಣೆಯಲ್ಲಿ ನಿಂತು ಕಥೆಯನ್ನು ಮಾತಿನಲ್ಲಿಯೇ ಮುಗಿಸುತ್ತಾರೆ. ಪೊಲೀಸ್ ಇಲಾಖೆಯನ್ನು ಹೊಗಳುವ ಗಡಸು ದನಿಯ ನಿರೂಪಣೆ ಕೆಲವು ಒಳ್ಳೆಯ ಚಿತ್ರಗಳನ್ನೂ ಕೆಡಿಸಿದೆ. ಕಪ್ಪು ಜನರ ಮತ್ತು ವಲಸಿಗರ ಚಿತ್ರಣದಲ್ಲಿ ಇಂದಿಗೆ ಸಹಿಸಲಾಗದ ಭಾಗಗಳಿವೆ. ಇಪ್ಪತ್ತು ನಿಮಿಷದಲ್ಲಿ ಒಂದು ಶಾಟ್ ಆದರೂ ನಿಮ್ಮನ್ನು ತಡೆದು ನಿಲ್ಲಿಸದಿದ್ದರೆ ಆ ಚಿತ್ರವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಈ ಬಗೆಯ ಚಿತ್ರಗಳು ಏಕೆ ನಿಂತುಹೋದವು?

1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಪ್ಯಾರಮೌಂಟ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು, ಚಿತ್ರಗಳನ್ನು ಗಂಟುಕಟ್ಟಿ ಮಾರುವ ಪದ್ಧತಿಯನ್ನು ನಿಷೇಧಿಸಿತು. ದೊಡ್ಡ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಅದರೊಂದಿಗೆ ‘ಬಿ’ ಚಿತ್ರಕ್ಕಿದ್ದ ಖಾತರಿಯ ಮಾರುಕಟ್ಟೆ ಕರಗಿತು. ಉಳಿದದ್ದನ್ನು ಟೆಲಿವಿಷನ್ ತೆಗೆದುಕೊಂಡಿತು. ‘ಹಿ ವಾಕ್ಡ್ ಬೈ ನೈಟ್’ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದ ಜಾಕ್ ವೆಬ್, ಆ ಚಿತ್ರೀಕರಣದ ವೇಳೆ ಪರಿಚಯವಾದ ಪೊಲೀಸ್ ಸಲಹೆಗಾರರ ಮಾತಿನಿಂದ ಪ್ರೇರಣೆ ಪಡೆದು ‘ಡ್ರ್ಯಾಗ್‌ನೆಟ್’ ಸರಣಿಯನ್ನು ಮೊದಲು ರೇಡಿಯೊಗೆ, ಆಮೇಲೆ ಟೆಲಿವಿಷನ್‌ಗೆ ತಂದರು.

ಕಳೆದುಹೋದ ಚಿತ್ರಗಳು ಈಗಲೂ ಸಿಗುತ್ತಿವೆಯೆ?

ಸಿಗುತ್ತಿವೆ, ಕೆಲವು ಕೂದಲೆಳೆಯ ಅಂತರದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಂಡನನ್ನು ಹುಡುಕುವ ಹೆಂಡತಿಯ ಕಥೆಯಾದ ‘ವುಮನ್ ಆನ್ ದ ರನ್’ (1950) ಚಿತ್ರದ ಒಂದು ಪ್ರಿಂಟನ್ನು ನ್ವಾರ್ ಚಿತ್ರಗಳ ಬಗ್ಗೆ ಬರೆಯುವ ಎಡ್ಡಿ ಮುಲ್ಲರ್ ಪತ್ತೆಹಚ್ಚಿ ತಮ್ಮ ಚಿತ್ರೋತ್ಸವದಲ್ಲಿ ತೋರಿಸಿದ್ದರು. 2008ರಲ್ಲಿ ಯೂನಿವರ್ಸಲ್ ಸ್ಟುಡಿಯೊದಲ್ಲಿ ಬಿದ್ದ ಬೆಂಕಿಗೆ ಆ ಪ್ರಿಂಟ್ ಆಹುತಿಯಾಯಿತು. ಆಮೇಲೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದರ ಸಾಮಗ್ರಿ ಸಿಕ್ಕಿ, ಮುಲ್ಲರ್ ಅವರ ಫಿಲ್ಮ್ ನ್ವಾರ್ ಫೌಂಡೇಷನ್ನಿನ ನೆರವಿನಿಂದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಚಿತ್ರ ಸಂಗ್ರಹಾಲಯ ಅದನ್ನು ಪುನರುಜ್ಜೀವಿಸಿತು. ‘ಟೂ ಲೇಟ್ ಫಾರ್ ಟಿಯರ್ಸ್’ ಚಿತ್ರ ಉಳಿದದ್ದೂ ಇವರ ಪ್ರಯತ್ನದಿಂದಲೇ. ಈ ಎರಡರ ಸವೆದ ಪ್ರತಿಗಳು ಇಂದಿಗೂ ಅಂತರ್ಜಾಲದಲ್ಲಿ ಓಡಾಡುತ್ತಿವೆ. ಪುನರುಜ್ಜೀವಿತ ಆವೃತ್ತಿ ಸಿಗುವವರೆಗೆ ಕಾದು ನೋಡಿ.